ಮೂರು ವಾರದಲ್ಲಿ ಕೆಡುವ ಕಾಯಿಲೆಯಲ್ಲ ಇದು

ಪ್ರಶ್ನೆ: ಡಾಕ್ಟ್ರೇ, ನಮ್ಮ ಅಮ್ಮನಿಗೆ 74 ವರ್ಷ. ಪ್ರೈಮರಿ ಸ್ಕೂಲ್ ಟೀಚರ್ ಆಗಿದ್ದವರು. ಎರಡು ವರ್ಷದ ಹಿಂದೆ ಅಲ್ಝೈಮರ್ ಎಂದು ಹೇಳಿ ಡೊನೆಪೆಝಿಲ್ ಮಾತ್ರೆ ಬರೆದುಕೊಟ್ಟಿದ್ದಾರೆ. ತಪ್ಪದೆ ಕೊಡುತ್ತಿದ್ದೇನೆ. ಮೊನ್ನೆ ಮೊನ್ನೆಯವರೆಗೂ ಹೇಗೋ ನಡೆಯುತ್ತಿತ್ತು. ಕೇಳಿದ್ದನ್ನೇ ಹತ್ತು ಸಲ ಕೇಳೋರು, ಆದರೆ ಊಟ ತಾವೇ ಮಾಡೋರು, ಕೂತು ಹೂ ಕಟ್ಟೋರು. ಈಗ ಮೂರು ವಾರದಿಂದ ಮನೆ ಮನೆಯಾಗಿ ಉಳಿದಿಲ್ಲ. ದೀಪ ಹಚ್ಚುವ ಹೊತ್ತಿಗೆ ಸೆರಗು ಸಿಕ್ಕಿಸಿಕೊಂಡು ‘ಕತ್ತಲಾಯ್ತು, ಊರಿಗೆ ಹೋಗ್ಬೇಕು, ಅಪ್ಪ ಬೈತಾರೆ’ ಅಂತ ಬಾಗಿಲಿಗೆ ಹೋಗುತ್ತಾರೆ. ಅಜ್ಜ ತೀರಿಕೊಂಡು ನಲವತ್ತು ವರ್ಷವಾಯಿತಲ್ಲಮ್ಮ ಅಂದರೆ ಆಗಷ್ಟೇ ಸುದ್ದಿ ಬಂದಂತೆ ಎದೆ ಬಡಿದುಕೊಂಡು ಅಳುತ್ತಾರೆ. ನನ್ನನ್ನು ‘ಅಕ್ಕಾ’ ಅನ್ನುತ್ತಾರೆ, ಮರುಗಳಿಗೆಯಲ್ಲಿ ‘ಈ ಹೆಂಗಸು ನನ್ನ ಬಳೆ ಕದ್ದಳು’ ಅಂತ ಪಕ್ಕದ ಮನೆಗೆ ಕೇಳುವಂತೆ ಕೂಗುತ್ತಾರೆ. ಗೋಡೆ ಮೇಲೆ ಇರುವೆ ಹರೀತಿದೆ ಅಂತ ರಾತ್ರಿಯೆಲ್ಲಾ ಒರೆಸುತ್ತಾರೆ. ಹಗಲು ಕೂತಲ್ಲೇ ತೂಕಡಿಕೆ. ಮೆಡಿಕಲ್ ಶಾಪಿನವರು ನಿದ್ದೆಗೆ ಅಂತ ಸಣ್ಣದೊಂದು ಮಾತ್ರೆ ಕೊಟ್ಟರು, ಇನ್ನೂ ಜಾಸ್ತಿಯೇ ಆಯಿತು. ಈಚೆಗೆ ಹಾಸಿಗೆಯೂ ಒದ್ದೆಯಾಗುತ್ತಿದೆ, ಅದಕ್ಕೇ ಸಂಜೆ ನಾಲ್ಕರ ಮೇಲೆ ನೀರು ಕೊಡುವುದು ಬಿಟ್ಟಿದ್ದೇನೆ. ಅಣ್ಣಂದಿರು ಇಬ್ಬರು, ಒಬ್ಬ ಬೆಂಗಳೂರು, ಒಬ್ಬ ಪುಣೆ. ದುಡ್ಡು ಕಳಿಸುತ್ತಾರೆ. ಹೋದ ವಾರ ಸ್ನಾನ ಮಾಡಿಸುವಾಗ ಅಮ್ಮ ಕೈ ಪರಚಿದರು, ನಾನು ಕೆನ್ನೆಗೆ ಹೊಡೆದುಬಿಟ್ಟೆ. ಆಮೇಲೆ ಇಬ್ಬರೂ ಬಚ್ಚಲಲ್ಲೇ ಕೂತು ಅತ್ತೆವು. ಕಾಯಿಲೆ ಕೊನೆಯ ಹಂತಕ್ಕೆ ಬಂತೇ? ಆಶ್ರಮಕ್ಕೆ ಸೇರಿಸು ಅನ್ನುತ್ತಾನೆ ಅಣ್ಣ.
– ಹೆಸರು ಬೇಡ, ಅರಸೀಕೆರೆ

ಉತ್ತರ: ನಿಮ್ಮ ಕಾಗದ ಓದುತ್ತಾ ‘ಮೂರು ವಾರದಿಂದ’ ಎಂಬಲ್ಲಿ ಪೆನ್ನಿನಿಂದ ಗೆರೆ ಎಳೆದೆ. ಅಲ್ಝೈಮರ್ ವರ್ಷದಿಂದ ವರ್ಷಕ್ಕೆ ನಿಧಾನವಾಗಿ ಇಳಿಯುವ ಕಾಯಿಲೆ. ಹೋದ ತಿಂಗಳು ಹೂ ಕಟ್ಟುತ್ತಿದ್ದವರಿಗೆ ಈ ತಿಂಗಳು ಗೋಡೆಯ ಮೇಲೆ ಇರುವೆ ಕಾಣಿಸುವುದು ಅದರ ಜಾಯಮಾನವಲ್ಲ. ಇದ್ದ ಕಾಯಿಲೆಯ ಮೇಲೆ ಇನ್ನೇನೋ ಬಂದು ಕೂತಿದೆ. ನಾವು ಅದನ್ನು ಡೆಲಿರಿಯಂ ಎನ್ನುತ್ತೇವೆ. ಜ್ವರ ಏರಿದಾಗ ನಮ್ಮ ಅಜ್ಜಿಯಂದಿರು ‘ಸನ್ನಿ ಹಿಡಿದಿದೆ’ ಎನ್ನುತ್ತಿದ್ದರಲ್ಲ, ಅದೇ. ಇಲ್ಲದ್ದು ಕಾಣುವುದು, ಹಗಲು ಮಂಪರು, ರಾತ್ರಿ ಎಚ್ಚರ, ಗಳಿಗೆಗೊಂದು ಬುದ್ಧಿ: ನೀವು ಬರೆದದ್ದನ್ನು ನಮ್ಮ ವಿದ್ಯಾರ್ಥಿಗಳಿಗೆ ಪಾಠಕ್ಕಿಡಬಹುದು. ಕಾರಣ ಹುಡುಕಿ ತೆಗೆದರೆ ಸನ್ನಿ ಸಾಮಾನ್ಯವಾಗಿ ಇಳಿಯುತ್ತದೆ. ಹೋದ ತಿಂಗಳ ಅಮ್ಮ ಪೂರ್ತಿ ಅಲ್ಲದಿದ್ದರೂ ಬಹುಪಾಲು ಮರಳಿ ಸಿಗಬಹುದು. ಆದ್ದರಿಂದ ಕೊನೆಯ ಹಂತದ ಮಾತು ಈಗ ಬೇಡ.

ಕಾರಣಕ್ಕೆ ಬಹಳ ದೂರ ಹುಡುಕಬೇಕಾಗಿಲ್ಲ ಎಂದು ನನ್ನ ಅನುಮಾನ. ಹೊಸದಾಗಿ ಹಾಸಿಗೆ ಒದ್ದೆಯಾಗುತ್ತಿದೆ ಎಂದರೆ ಮೂತ್ರದ ಸೋಂಕು ಇರಬಹುದು. ಈ ವಯಸ್ಸಿನಲ್ಲಿ ಉರಿಯಿಲ್ಲದೆ, ಜ್ವರವಿಲ್ಲದೆ, ಬರೀ ಬುದ್ಧಿ ಕದಡಿ ಸೋಂಕು ಬರುವುದುಂಟು. ನೀರು ನಿಲ್ಲಿಸಿದ್ದು ಅದಕ್ಕೆ ಗೊಬ್ಬರ ಹಾಕಿದಂತಾಯಿತು. ಮೈಯಲ್ಲಿ ನೀರು ಕಡಿಮೆಯಾದರೆ ಮಲಬದ್ಧತೆ, ಮಲಬದ್ಧತೆಯಿಂದ ಮತ್ತೆ ಸನ್ನಿ. ನೀರನ್ನು ಕಡಿಮೆ ಮಾಡಬೇಡಿ, ಹೊತ್ತು ಬದಲಿಸಿ. ಬೆಳಗ್ಗೆಯಿಂದ ಸಂಜೆ ಆರರೊಳಗೆ ಆಗಾಗ್ಗೆ ಕುಡಿಸಿ, ಆಮೇಲೆ ಗುಟುಕು ಗುಟುಕು ಸಾಕು. ಅವರು ಕೇಳಲಿ ಎಂದು ಕಾಯದೆ ಎರಡು ಗಂಟೆಗೊಮ್ಮೆ ಗಡಿಯಾರ ನೋಡಿ ಬಚ್ಚಲಿಗೆ ಕರೆದೊಯ್ಯಿರಿ.

ಎರಡನೆಯದು ಆ ‘ಸಣ್ಣ ಮಾತ್ರೆ’. ಚೀಟಿಯಿಲ್ಲದೆ ನಿದ್ದೆಗೆಂದು ಕೊಡುವವುಗಳಲ್ಲಿ ಅನೇಕ ಮಾತ್ರೆಗಳು ಶೀತ, ಅಲರ್ಜಿಗೆ ಕೊಡುವ ಹಳೆಯ ಕಾಲದವು. ಅಲ್ಝೈಮರ್ ಇದ್ದವರ ಮಿದುಳಿನಲ್ಲಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಕಡಿಮೆ. ಇರುವಷ್ಟನ್ನು ಉಳಿಸಿಕೊಳ್ಳಲಿ ಎಂದೇ ಡೊನೆಪೆಝಿಲ್ ಕೊಡುವುದು. ಈ ಶೀತದ ಮಾತ್ರೆಗಳು ಅದೇ ರಾಸಾಯನಿಕದ ಕೆಲಸವನ್ನು ತಡೆಯುತ್ತವೆ. ಒಬ್ಬ ಕೆರೆಗೆ ನೀರು ನಿಲ್ಲಿಸುವುದು, ಇನ್ನೊಬ್ಬ ರಾತ್ರಿ ಹೋಗಿ ತೂಬು ಎತ್ತುವುದು. ಆ ಮಾತ್ರೆ ಆಲ್ಪ್ರಜೋಲಮ್ ಜಾತಿಯದಾಗಿದ್ದರೆ ಮತ್ತೊಂದು ತೊಂದರೆ: ಮಂಪರು, ಬೀಳುವ ಭಯ, ಜೊತೆಗೆ ದಿನವೂ ತೆಗೆದುಕೊಂಡವರು ಏಕಾಏಕಿ ಬಿಡುವಂತೆಯೂ ಇಲ್ಲ. ಹಾಳೆಯನ್ನು ಬಿಸಾಡದೆ ವೈದ್ಯರ ಬಳಿ ಒಯ್ಯಿರಿ. ಬಿ.ಪಿ., ಸಕ್ಕರೆ ಅಂತ ಬೇರೆ ಏನೇನು ನುಂಗುತ್ತಿದ್ದಾರೋ ಅದೆಲ್ಲವನ್ನೂ ಒಂದೇ ಚೀಲದಲ್ಲಿ ಹಾಕಿಕೊಳ್ಳಿ.

ಪತ್ರಿಕೆ ಕೈಗೆ ಸಿಕ್ಕಿದ ದಿನವೇ ಹೋಗಿ. ಮೂತ್ರ ಪರೀಕ್ಷೆ, ರಕ್ತದ ಎಣಿಕೆ, ಸಕ್ಕರೆ, ಸೋಡಿಯಂ, ಕ್ರಿಯಾಟಿನಿನ್, ಹಿಂದೆ ಮಾಡಿಸದಿದ್ದರೆ ಥೈರಾಯ್ಡ್ ಮತ್ತು ಬಿ-12. ಈ ನಡುವೆ ಬಿದ್ದು ತಲೆಗೆ ಪೆಟ್ಟಾಗಿತ್ತೇ ಎಂದು ನೆನಪಿಸಿಕೊಳ್ಳಿ. ಆಗಿದ್ದರೆ ಸಿ.ಟಿ. ಸ್ಕ್ಯಾನ್ ಬೇಕಾಗುತ್ತದೆ, ತಲೆಯೊಳಗೆ ನಿಧಾನಕ್ಕೆ ರಕ್ತ ಸೇರಿ ಹೀಗಾಗುವುದುಂಟು. ಎಬ್ಬಿಸಿದರೂ ಏಳದಷ್ಟು ಮಂಪರು, ಒಂದು ಪಕ್ಕ ಸೋಲುವುದು, ವಾಂತಿ ಕಂಡರೆ ರಾತ್ರಿಯಾದರೂ ಸರಿ, ಆಂಬುಲೆನ್ಸ್ ಕರೆಸಿ. ಗಲಾಟೆ ತಗ್ಗಿಸಲು ರಿಸ್ಪೆರಿಡೋನ್, ಕ್ವಿಟಿಯಾಪಿನ್‌ನಂಥ ಮಾತ್ರೆ ಬರೆದರೆ ‘ಎಷ್ಟು ದಿನಕ್ಕೆ?’ ಎಂದು ಕೇಳಿ. ಮರೆವಿನ ಕಾಯಿಲೆಯ ವೃದ್ಧರಲ್ಲಿ ಇವು ಸಾವಿನ ಅಪಾಯ ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಸಿದೆ. ಕೆಲವೊಮ್ಮೆ ಕೊಡದೆ ಗತಿಯಿರುವುದಿಲ್ಲ, ನಾನೂ ಕೊಡುತ್ತೇನೆ. ಆದರೆ ಸಣ್ಣ ಪ್ರಮಾಣದಲ್ಲಿ, ಸ್ವಲ್ಪ ದಿನ.

ಇನ್ನು ಬಳೆ. 1901ರಲ್ಲಿ ಫ್ರಾಂಕ್‌ಫರ್ಟಿನ ಆಸ್ಪತ್ರೆಯಲ್ಲಿ ಡಾ. ಅಲೋಯ್ಸ್ ಅಲ್ಝೈಮರ್ ನೋಡಿದ ಆಗಸ್ಟೆ ಡೀಟರ್ ಎಂಬ 51 ವರ್ಷದ ಹೆಂಗಸಿನ ಕಾಯಿಲೆ ಮೊದಲು ಕಾಣಿಸಿಕೊಂಡದ್ದೇ ಗಂಡನ ಮೇಲಿನ ಸಂಶಯವಾಗಿ. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಮಿದುಳನ್ನು ಪರೀಕ್ಷಿಸಿ ಅವರು ವಿವರಿಸಿದ ಕಾಯಿಲೆಗೇ ಅವರ ಹೆಸರು ಬಂತು. ಬಳೆ ತೆಗೆದಿಟ್ಟ ನೆನಪು ಅಮ್ಮನಲ್ಲಿ ಮೂಡಿಯೇ ಇಲ್ಲ. ಬಳೆ ಮಾತ್ರ ಕೈಯಲ್ಲಿಲ್ಲ. ನಡುವಿನ ಖಾಲಿ ಜಾಗಕ್ಕೆ ಮಿದುಳು ಒಂದು ಕಳ್ಳತನ ಕಟ್ಟುತ್ತದೆ. ಕಳ್ಳಿ ಎನಿಸಿಕೊಳ್ಳುವವಳು ಯಾವಾಗಲೂ ಹತ್ತಿರ ಇರುವವಳೇ. ಪುಣೆಯ ಅಣ್ಣನ ಮೇಲೆ ಈ ದೂರು ಬರುವುದಿಲ್ಲ. ‘ನಾನ್ಯಾಕಮ್ಮ ಕದೀಲಿ’ ಎಂದು ವಾದಕ್ಕಿಳಿಯಬೇಡಿ, ‘ಅಯ್ಯೋ, ಬನ್ನಿ ಹುಡುಕೋಣ’ ಎನ್ನಿ. ಅಕ್ಕಿ ಡಬ್ಬ, ದಿಂಬಿನ ಚೀಲ, ದೇವರ ಗೂಡು ಮೊದಲು ನೋಡಿ. ಚಿನ್ನದ್ದನ್ನು ಲಾಕರಿಗೆ ಹಾಕಿ ಅದೇ ಮಾದರಿಯ ಗಿಲೀಟಿನ ಎರಡು ಜೊತೆ ತಂದಿಡಿ. ಪಕ್ಕದ ಮನೆಯವರಿಗೆ ಕಾಯಿಲೆಯ ಹೆಸರು ಹೇಳಿಬಿಡಿ. ‘ಅರವತ್ತಕ್ಕೆ ಅರಳು ಮರಳು’ ಎಂದು ಅವರು ತಲೆಯಾಡಿಸಿದರೆ, ವಯಸ್ಸಾದ ಮಾತ್ರಕ್ಕೆ ಹೀಗಾಗುವುದಿಲ್ಲ, ಇದು ಕಾಯಿಲೆ ಎಂದು ಇನ್ನೊಮ್ಮೆ ಹೇಳಿ.

ಅಜ್ಜ ಸತ್ತ ಸುದ್ದಿಯನ್ನು ಇನ್ನು ಯಾವತ್ತೂ ತಿಳಿಸಬೇಡಿ. ಪ್ರತಿ ಸಲವೂ ಅವರಿಗೆ ಅದು ಹೊಸ ಸಾವು. ‘ಅಪ್ಪ ಏನಂತ ಬೈತಿದ್ರು?’ ಎಂದು ಕೇಳಿ ನೋಡಿ, ಮಾತು ಬೇರೆ ಕಡೆ ಹರಿಯುತ್ತದೆ. ಹಟ ಹಿಡಿದರೆ ಚಪ್ಪಲಿ ಹಾಕಿಸಿ ಬೀದಿಯ ತುದಿಯವರೆಗೆ ಹೋಗಿ ಬನ್ನಿ. ಸಂಜೆಯ ಈ ಕಳವಳ ಸನ್ನಿ ಇಳಿದ ಮೇಲೂ ಸ್ವಲ್ಪ ಉಳಿಯಬಹುದು. ನಾಲ್ಕೂವರೆಗೇ ಮನೆಯ ದೀಪಗಳನ್ನೆಲ್ಲ ಹಾಕಿ, ಕನಕಾಂಬರ, ಮಲ್ಲಿಗೆ, ನೆನೆಸಿದ ಬಾಳೆನಾರು ಮುಂದಿಡಿ. ಹೆಸರು, ದಿನಾಂಕ ಕಾಪಾಡುವ ಮಿದುಳಿನ ಭಾಗ ಮೊದಲು ಸವೆಯುತ್ತದೆ; ಬೆರಳಿನ ಅಭ್ಯಾಸ ಕೂತಿರುವುದು ಬೇರೆ ಜಾಗದಲ್ಲಿ. ಮಗಳ ಹೆಸರು ಹೇಳಲಾರದವರು ಮಾರುದ್ದ ಹೂವನ್ನು ಒಂದು ಗಂಟೂ ತಪ್ಪದೆ ಕಟ್ಟಿದ್ದನ್ನು ನಾನು ಕಂಡಿದ್ದೇನೆ.

ಹೊಡೆದದ್ದು ತಪ್ಪು. ಅದು ನಿಮಗೆ ಗೊತ್ತು, ಗೊತ್ತಿರುವುದಕ್ಕೇ ಬರೆದಿದ್ದೀರಿ. ಎಷ್ಟೋ ಮನೆಗಳಲ್ಲಿ ಇದು ಬಾಗಿಲ ಹಿಂದೆಯೇ ಉಳಿಯುತ್ತದೆ. ಸನ್ನಿ ಇಳಿಯುವವರೆಗೆ ಸ್ನಾನವೇ ಬೇಡ, ಬಿಸಿನೀರಿನ ಬಟ್ಟೆಯಲ್ಲಿ ಮೈ ಒರೆಸಿ. ಆಮೇಲೂ ವಾರಕ್ಕೆ ಎರಡು ಮೂರು ಸಲ ಸಾಕು, ಮಡಿಯ ಲೆಕ್ಕ ಈಗ ಬೇಡ. ಸ್ಟೂಲಿನ ಮೇಲೆ ಕೂರಿಸಿ, ಮೈಮೇಲೆ ಟವೆಲ್ ಹೊದಿಸಿ, ಕಾಲಿನಿಂದ ಶುರು ಮಾಡಿ. ತಲೆಯ ಮೇಲೆ ದಿಢೀರನೆ ಚೊಂಬು ನೀರು ಬಿದ್ದರೆ ಏನಾಗುತ್ತಿದೆ ಎಂದು ತಿಳಿಯದವರು ಪರಚದೆ ಇನ್ನೇನು ಮಾಡಿಯಾರು? ಕೈ ಎತ್ತುವಷ್ಟು ಸಿಟ್ಟು ಬಂದರೆ ಅವರನ್ನು ಭದ್ರವಾಗಿ ಕೂರಿಸಿ ಐದು ನಿಮಿಷ ಆಚೆ ಬನ್ನಿ.

ನೀವು ರಾತ್ರಿ ಎಷ್ಟು ಗಂಟೆ ಮಲಗುತ್ತೀರಿ ಎಂದು ಕಾಗದದಲ್ಲಿ ಎಲ್ಲೂ ಇಲ್ಲ. ಮೂರು ವಾರ ನಿದ್ದೆಗೆಟ್ಟವರ ಕೈ ಯಾರ ಮೇಲಾದರೂ ಏಳುತ್ತದೆ. ದುಡ್ಡು ಕಳಿಸುವುದು ಸಣ್ಣದೇನಲ್ಲ, ಆದರೆ ರಾತ್ರಿ ಎರಡು ಗಂಟೆಗೆ ಎದ್ದು ದುಡ್ಡು ಸೀರೆ ಬದಲಿಸುವುದಿಲ್ಲ. ಅಣ್ಣಂದಿರನ್ನು ‘ಸಹಾಯ ಮಾಡಿ’ ಎಂದು ಕೇಳಬೇಡಿ, ದಿನ ಕೇಳಿ. ಬೆಂಗಳೂರಿನವರು ತಿಂಗಳಿಗೆ ಎರಡು ವಾರಾಂತ್ಯ ಬಂದು ಒಬ್ಬರೇ ನೋಡಿಕೊಳ್ಳಲಿ. ಆ ಎರಡು ದಿನ ನೀವು ಅಡುಗೆಯನ್ನೂ ಮಾಡಿಡಬೇಡಿ, ಮನೆಯಲ್ಲೂ ಇರಬೇಡಿ. ಪುಣೆಯವರ ದುಡ್ಡಿನಲ್ಲಿ ರಾತ್ರಿಗೊಬ್ಬ ಆಯಾ ಇಟ್ಟುಕೊಳ್ಳಿ. ತಂದೆತಾಯಿಯ ಪಾಲನೆಯ 2007ರ ಕಾಯ್ದೆಯಲ್ಲಿ ಹೊಣೆ ಹೆಣ್ಣುಮಕ್ಕಳಷ್ಟೇ ಗಂಡುಮಕ್ಕಳದ್ದೂ ಹೌದು. ಬಳಸಬೇಕೆಂದಲ್ಲ, ಮಾತಿನ ನಡುವೆ ಒಮ್ಮೆ ಬಂದು ಹೋದರೆ ಸಾಕು.

ಸನ್ನಿ ಇರುವಾಗ ಆಶ್ರಮದ ತೀರ್ಮಾನ ಬೇಡ, ಜಾಗ ಬದಲಾದರೆ ಅದು ಇನ್ನೂ ಏರುತ್ತದೆ. ಮುಂದೊಂದು ದಿನ ಬೇಕಾದರೆ ಅದು ಪಾಪವೇನೂ ಅಲ್ಲ. ಆದರೆ ಸಾಮಾನ್ಯ ವೃದ್ಧಾಶ್ರಮಗಳು ಇಂಥವರನ್ನು ನಿಭಾಯಿಸಲಾರವು, ಡಿಮೆನ್ಷಿಯಾದವರಿಗೆಂದೇ ನಡೆಸುವ ಜಾಗವಾಗಬೇಕು. ಬೆಂಗಳೂರಿನ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಈ ಕೆಲಸ ಮಾಡುತ್ತದೆ. ಹಿರಿಯರ ಸಹಾಯವಾಣಿ 14567. ನಿಮಗೇ ತಡೆಯಲಾಗದಾಗ ಟೆಲಿ-ಮಾನಸ್ 14416 ಇದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ನಮ್ಮ ತಂದೆಗೆ 78ಕ್ಕೆ ಮರೆವಿನ ಕಾಯಿಲೆ ಬಂದಿದೆ. ನನಗೂ ಬರುತ್ತದೆಯೇ? ದಿನವೂ ಒಂದೆಲಗ ತಿಂದರೆ ತಡೆಯಬಹುದೇ?
– 48ರ ಓದುಗ, ತೀರ್ಥಹಳ್ಳಿ

ಉತ್ತರ: ಆ ವಯಸ್ಸಿನಲ್ಲಿ ಬಂದದ್ದು ಸಾಮಾನ್ಯವಾಗಿ ಆಸ್ತಿಯಂತೆ ಮಗನಿಗೆ ಬರುವುದಿಲ್ಲ. ಇತರರಿಗಿಂತ ಅಪಾಯ ಸ್ವಲ್ಪ ಹೆಚ್ಚು, ಅಷ್ಟೆ. ನೇರವಾಗಿ ತಲೆಮಾರಿಗಿಳಿಯುವ ಬಗೆ ಬಹಳ ಅಪರೂಪ, ಅದು ನಿಮ್ಮ ವಯಸ್ಸಿನ ಆಸುಪಾಸಿನಲ್ಲೇ ಕಾಣಿಸಿಕೊಳ್ಳುತ್ತದೆ. ಒಂದೆಲಗದ ತಂಬುಳಿಗೆ ನನ್ನ ತಕರಾರಿಲ್ಲ, ಬಿಸಿ ಅನ್ನಕ್ಕೆ ಅದರಂಥದ್ದು ಇನ್ನೊಂದಿಲ್ಲ. ಅಲ್ಝೈಮರ್ ತಡೆಯುತ್ತದೆ ಎನ್ನುವುದಕ್ಕೆ ಮಾತ್ರ ಗಟ್ಟಿ ಪುರಾವೆಯಿಲ್ಲ. ಅದಕ್ಕಿಂತ ಬಿ.ಪಿ. ನೋಡಿಸಿಕೊಳ್ಳಿ. 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಆಯೋಗ, ಬದಲಿಸಬಹುದಾದ 14 ಅಪಾಯಗಳನ್ನು ಹತೋಟಿಗೆ ತಂದರೆ ಜಗತ್ತಿನ ಡಿಮೆನ್ಷಿಯಾದಲ್ಲಿ ಸುಮಾರು ಶೇಕಡಾ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದಿತು. ಬಿ.ಪಿ., ಸಕ್ಕರೆ ಕಾಯಿಲೆ, ಕೊಲೆಸ್ಟರಾಲ್, ಸಿಗರೇಟು ಎಲ್ಲ ಆ ಪಟ್ಟಿಯಲ್ಲಿವೆ. ಜನ ಲೆಕ್ಕಕ್ಕೇ ತೆಗೆದುಕೊಳ್ಳದ ಕಿವಿಯೂ ಇದೆ. ಟಿ.ವಿ. ಸದ್ದು ಜೋರಾಯಿತೆಂದು ಮನೆಯವರು ಬೈಯುತ್ತಿದ್ದರೆ ಶ್ರವಣ ಪರೀಕ್ಷೆ ಮಾಡಿಸಿ. ಕನ್ನಡಕಕ್ಕಿಲ್ಲದ ನಾಚಿಕೆ ಕಿವಿಯ ಯಂತ್ರಕ್ಕೇಕೆ?

ಪ್ರಶ್ನೆ: ನಮ್ಮ ಯಜಮಾನರಿಗೆ ಈ ಕಾಯಿಲೆ ಶುರುವಾಗಿದೆ ಎಂದರು. ಬ್ಯಾಂಕು, ಜಮೀನಿನ ಕಾಗದವೆಲ್ಲ ಅವರ ಹೆಸರಿನಲ್ಲೇ ಇವೆ. ಪವರ್ ಆಫ್ ಅಟಾರ್ನಿ ಮಾಡಿಸಿದರೆ ಸಾಕೇ?
– ದಾವಣಗೆರೆ

ಉತ್ತರ: ನಾನು ವಕೀಲನಲ್ಲ, ಆದರೆ ತಡ ಮಾಡಿ ಕಷ್ಟಪಟ್ಟವರನ್ನು ನೋಡಿದ್ದೇನೆ. ನಮ್ಮ ಕಾನೂನಿನಲ್ಲಿ ಬರೆದುಕೊಟ್ಟವರ ಬುದ್ಧಿಸ್ಥಿಮಿತ ಹೋದರೆ ಪವರ್ ಆಫ್ ಅಟಾರ್ನಿಯೂ ಬಿದ್ದುಹೋಗುತ್ತದೆ. ಬೇಕಾಗುವ ಹೊತ್ತಿಗೇ ಅದು ಕೈಕೊಡುತ್ತದೆ. ಖಾತೆಯನ್ನು ಇಬ್ಬರಲ್ಲಿ ಯಾರು ಬೇಕಾದರೂ ನಡೆಸುವಂತೆ ಜಂಟಿ ಮಾಡಿಸಿ, ನಾಮಿನಿ ಹೆಸರು ಬರೆಸಿ. ವಿಲ್ ಮಾಡುವ ಮನಸ್ಸು ಅವರಿಗಿದ್ದರೆ ಈಗಲೇ ಆಗಲಿ, ತಿಳಿವಳಿಕೆಯಿಂದ ಮಾಡಿದ್ದಾರೆ ಎಂಬ ವೈದ್ಯರ ಸರ್ಟಿಫಿಕೇಟು ಅದೇ ದಿನದ್ದಿರಲಿ. ಅವಕಾಶ ತಪ್ಪಿದರೆ ಪಾಲಕರಾಗಿ ನೇಮಿಸಿ ಎಂದು ಕೋರ್ಟಿಗೆ ಅಲೆಯಬೇಕಾಗುತ್ತದೆ. ಎ.ಟಿ.ಎಂ. ಕಾರ್ಡು, ಓ.ಟಿ.ಪಿ. ಬರುವ ಫೋನು ನಿಮ್ಮ ಕಣ್ಣಳತೆಯಲ್ಲಿರಲಿ. ಕಾಗದಕ್ಕೆ ಸಹಿ ಹಾಕಿಸುವ ಕೆಲಸವನ್ನು ಬೆಳಗ್ಗೆ ತಿಂಡಿಯಾದ ಮೇಲೆ ಇಟ್ಟುಕೊಳ್ಳಿ. ಇಂಥವರಲ್ಲಿ ಅನೇಕರ ತಲೆ ತಿಳಿಯಾಗಿರುವುದು ಆ ಹೊತ್ತಿನಲ್ಲೇ.