ಉಕ್ಕಿನ ಸ್ಟಿಫ್‌ನೆಸ್: ಲೆಕ್ಕ ಹಾಕುವುದು ಹೇಗೆ?

ಬೆಳಗಾವಿ, ವಿಜಯಪುರ, ಕಲಬುರಗಿ ಕಡೆ ಡಿಪ್ಲೊಮಾ ಮುಗಿಸಿ ಪುಣೆಯ ಭೋಸರಿ, ಚಾಕಣ್ ಕಾರ್ಖಾನೆಗಳಿಗೆ ಸೇರುವವರಲ್ಲಿ ಕೆಲವರಿಗೆ ಕ್ವಾಲಿಟಿ ವಿಭಾಗದ ಯುಟಿಎಂ, ಅಂದರೆ ಸ್ಯಾಂಪಲ್ ಎಳೆದು ಪರೀಕ್ಷಿಸುವ ಯೂನಿವರ್ಸಲ್ ಟೆಸ್ಟಿಂಗ್ ಯಂತ್ರದ ಜವಾಬ್ದಾರಿ ಸಿಗುತ್ತದೆ. ಸ್ಯಾಂಪಲ್ ಎಷ್ಟು ಲೋಡಿಗೆ ತುಂಡಾಯಿತು ಎಂದು ಯಂತ್ರವೇ ಹೇಳುತ್ತದೆ. ಲೋಹದ ಸ್ಟಿಫ್‌ನೆಸ್, ಅಂದರೆ ಯಂಗ್ಸ್ ಮಾಡ್ಯುಲಸ್, ಅಷ್ಟು ಸುಲಭವಾಗಿ ಸಿಗುವುದಿಲ್ಲ. ಅದಕ್ಕೆ ಕೂದಲೆಳೆಗಿಂತ ಸಣ್ಣ ಹಿಗ್ಗುವಿಕೆಯನ್ನು ಅಳೆಯಬೇಕು.

ಮೊದಲು ಮೈಕ್ರೋಮೀಟರ್ ಹಿಡಿಯಿರಿ. ಸ್ಯಾಂಪಲ್‌ನ ವ್ಯಾಸವನ್ನು ಮೂರು ಕಡೆ, ಪ್ರತಿ ಕಡೆ ಪರಸ್ಪರ ಲಂಬ ದಿಕ್ಕಿನಲ್ಲಿ ಎರಡು ಬಾರಿ ಅಳೆದು ಸರಾಸರಿ ತೆಗೆಯಿರಿ. 10 ಮಿ.ಮೀ. ವ್ಯಾಸದಲ್ಲಿ 0.1 ಮಿ.ಮೀ. ತಪ್ಪಿದರೂ ಉತ್ತರ ಶೇ 2ರಷ್ಟು ಕೆಡುತ್ತದೆ. ವ್ಯಾಸ 10 ಇದ್ದರೆ ಅಡ್ಡಕೊಯ್ತದ ವಿಸ್ತೀರ್ಣ 78.54 ಚದರ ಮಿ.ಮೀ.

ಬಳಿಕ 50 ಮಿ.ಮೀ. ಗೇಜ್ ಉದ್ದದ, ಹಿಗ್ಗುವಿಕೆ ಅಳೆಯುವ ಎಕ್ಸ್‌ಟೆನ್ಸೋಮೀಟರನ್ನು ಸ್ಯಾಂಪಲ್‌ಗೇ ಕ್ಲಿಪ್ ಮಾಡಿ. ಹೆಚ್ಚಿನ ತಪ್ಪು ಆಗುವುದು ಇಲ್ಲಿಯೇ. ಕ್ರಾಸ್‌ಹೆಡ್ (ಯಂತ್ರದ ಚಲಿಸುವ ಅಡ್ಡತೊಲೆ) ಸರಿದ ದೂರವನ್ನೇ ಹಿಗ್ಗುವಿಕೆ ಎಂದು ಬರೆದುಕೊಂಡರೆ ಗ್ರಿಪ್ ಜಾರಿದ್ದು, ಯಂತ್ರದ ಚೌಕಟ್ಟು ಬಾಗಿದ್ದು ಎಲ್ಲವೂ ಅದರಲ್ಲಿ ಸೇರಿಬಿಡುತ್ತದೆ. ಆಗ ಉಕ್ಕಿನ ಮಾಡ್ಯುಲಸ್ 40 ಗಿಗಾಪಾಸ್ಕಲ್ ಎಂದು ಬಂದರೂ ಆಶ್ಚರ್ಯವಿಲ್ಲ. ಸ್ಯಾಂಪಲ್ ಸ್ವಲ್ಪ ಓರೆಯಾಗಿ ಕುಳಿತಿದ್ದರೂ ಒಂದೇ ಬದಿಯ ರೀಡಿಂಗ್ ಮೋಸ ಮಾಡುತ್ತದೆ. ಎರಡೂ ಬದಿ ಅಳೆದು ಸರಾಸರಿ ಕೊಡುವ ಉಪಕರಣವೇ ಒಳ್ಳೆಯದು.

ಈಗ ನಿಧಾನವಾಗಿ ಲೋಡ್ ಕೊಡಿ. ಆರಂಭದಲ್ಲಿ ಗ್ರಿಪ್ ಬಿಗಿಯಾಗುತ್ತಿರುತ್ತದೆ, ಹಾಗಾಗಿ ಸೊನ್ನೆಯಿಂದ ಲೆಕ್ಕ ಹಾಕಬೇಡಿ. ಗ್ರಾಫ್ ನೇರವಾಗಿರುವ ಕಡೆ ಎರಡು ಬಿಂದು ಆರಿಸಿ. ಉದಾಹರಣೆಗೆ, 5 ಕಿಲೋನ್ಯೂಟನ್‌ಗೆ ಹಿಗ್ಗಿದ್ದು 0.0160 ಮಿ.ಮೀ., 13 ಕಿಲೋನ್ಯೂಟನ್‌ಗೆ 0.0415 ಮಿ.ಮೀ. ಎಂದುಕೊಳ್ಳಿ. ಲೋಡಿನ ವ್ಯತ್ಯಾಸ 8,000 ನ್ಯೂಟನ್. ಅದನ್ನು 78.54ರಿಂದ ಭಾಗಿಸಿದರೆ ಸ್ಟ್ರೆಸ್ 101.86 ಮೆಗಾಪಾಸ್ಕಲ್. ಹಿಗ್ಗುವಿಕೆಯ ವ್ಯತ್ಯಾಸ 0.0255, ಅದನ್ನು 50ರಿಂದ ಭಾಗಿಸಿದರೆ ಸ್ಟ್ರೈನ್ 0.00051. ಸ್ಟ್ರೆಸ್ಸನ್ನು ಸ್ಟ್ರೈನ್‌ನಿಂದ ಭಾಗಿಸಿ: ಸುಮಾರು 1,99,700 ಮೆಗಾಪಾಸ್ಕಲ್, ಅಂದರೆ 199.7 ಗಿಗಾಪಾಸ್ಕಲ್. ಕಂಪ್ಯೂಟರಿನಲ್ಲಿ ರೀಡಿಂಗ್‌ಗಳು ಸಾಲಾಗಿ ಸಿಗುವುದಾದರೆ ಎರಡೇ ಬಿಂದುವಿಗೆ ನಿಲ್ಲಬೇಡಿ, ಆ ಭಾಗದ ಎಲ್ಲ ಬಿಂದುಗಳ ಮೇಲೆ ಸರಳರೇಖೆ ಹೊಂದಿಸಿ ಇಳಿಜಾರು ತೆಗೆಯಿರಿ. ಸ್ಯಾಂಪಲ್ ತುಂಡಾಗುವವರೆಗೆ ಎಳೆಯುವುದಿದ್ದರೆ, ಅದಕ್ಕೆ ಮೊದಲೇ ಎಕ್ಸ್‌ಟೆನ್ಸೋಮೀಟರ್ ಕಳಚಿಡಿ, ದುಬಾರಿ ವಸ್ತು.

ಉಕ್ಕಿಗೆ ಸುಮಾರು 200ರಿಂದ 210 ಗಿಗಾಪಾಸ್ಕಲ್, ಅಲ್ಯೂಮಿನಿಯಂಗೆ 70ರ ಆಸುಪಾಸು ಬಂದರೆ ಸರಿ. ತೀರಾ ಬೇರೆ ಬಂದರೆ ಲೋಹವನ್ನು ದೂರುವ ಮುನ್ನ ಕ್ಲಿಪ್, ವ್ಯಾಸ, ಕ್ಯಾಲಿಬ್ರೇಷನ್ ನೋಡಿ. ನಮ್ಮಲ್ಲಿ ಕರ್ಷಣ (ಟೆನ್ಸೈಲ್) ಪರೀಕ್ಷೆಗೆ ಇರುವ ಮಾನದಂಡ ಐಎಸ್ 1608; ಲ್ಯಾಬಿನಲ್ಲಿ ಅದರ ಒಂದು ಪ್ರತಿ ಇರಲೇಬೇಕು.

ಇನ್ನೊಂದು ಮಾತು, ವಾಹನದ ಬಿಡಿಭಾಗ ಮಾಡುವವರಿಗೆ. ಬ್ರಾಕೆಟ್ ಬಾಗುತ್ತಿದೆ ಎಂಬ ದೂರು ಬಂದ ಕೂಡಲೇ ಹೆಚ್ಚು ಬಲದ ಉಕ್ಕು ತರಿಸುವ ರೂಢಿಯಿದೆ. ಹೀಟ್ ಟ್ರೀಟ್‌ಮೆಂಟಿನಿಂದ ಉಕ್ಕಿನ ಬಲ ಇಮ್ಮಡಿಯಾದರೂ ಮಾಡ್ಯುಲಸ್ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಬ್ರಾಕೆಟ್ ಬಾಗಿ ಮತ್ತೆ ಮೊದಲಿನಂತಾಗುತ್ತಿದ್ದರೆ ಬೇಕಾಗಿರುವುದು ದುಬಾರಿ ಗ್ರೇಡ್ ಅಲ್ಲ. ದಪ್ಪ ಹೆಚ್ಚಿಸಿ, ಇಲ್ಲವೇ ರಿಬ್ ಕೊಡಿ.