ಲೋಹಕ್ಕೆ ಎಲುಬಿನ ಬೆಸುಗೆ

ವಯಸ್ಸಾದವರು ಜಾರಿಬಿದ್ದು ತೊಡೆಯೆಲುಬಿನ ಮೇಲ್ತುದಿಯನ್ನು ಮುರಿದುಕೊಳ್ಳುವುದು ಅಪರೂಪವೇನಲ್ಲ. ಅಂಥವರಲ್ಲಿ ಹಲವರಿಗೆ ಶಸ್ತ್ರವೈದ್ಯರು ಲೋಹದ ಕೃತಕ ಕೀಲನ್ನು ಕೂಡಿಸುತ್ತಾರೆ. ಕೀಲಿನ ಕಾಂಡವನ್ನು ಎಲುಬಿನ ಒಳಗೊಳವೆಗೆ ಇಳಿಸಿದೊಡನೆ ಕೆಲಸ ಮುಗಿಯಿತೆಂದು ತೋರಬಹುದು. ಆದರೆ ಅಂಟುಗಾರೆಯ ನೆರವಿಲ್ಲದೆ ಕೂಡಿಸಿದ ಕೀಲಿಗೆ ನಿಜವಾದ ಪರೀಕ್ಷೆ ಆರಂಭವಾಗುವುದೇ ಆಗ. ಎಲುಬು ಲೋಹವನ್ನು ಬಿಗಿಯಾಗಿ ಹಿಡಿದರೆ ರೋಗಿ ನಿಶ್ಚಿಂತೆಯಿಂದ ನಡೆದಾಡಬಹುದು. ಹಿಡಿಯದಿದ್ದರೆ ಕೀಲು ಸಡಿಲಗೊಂಡು, ಮತ್ತೊಮ್ಮೆ ಶಸ್ತ್ರಚಿಕಿತ್ಸೆ ಬೇಕಾದೀತು.

ಎಲುಬು ಲೋಹವನ್ನು ಹಿಡಿಯಬಲ್ಲುದೆ? 1950ರ ದಶಕದಲ್ಲಿ ಸ್ವೀಡನ್ನಿನ ವಿಜ್ಞಾನಿ ಬ್ರೋನೆಮಾರ್ಕ್ ಅವರು ಮೊಲದ ಎಲುಬಿನಲ್ಲಿ ಟೈಟೇನಿಯಂ ಲೋಹದ ಸಣ್ಣ ಸಾಧನಗಳನ್ನಿಟ್ಟು ರಕ್ತಚಲನೆಯನ್ನು ಪರೀಕ್ಷಿಸುತ್ತಿದ್ದರು. ಕೊನೆಯಲ್ಲಿ ಅವನ್ನು ತೆಗೆಯಹೋದಾಗ, ಅವು ಬಿಡಿಸಲಾಗದಷ್ಟು ಬಲವಾಗಿ ಎಲುಬಿನೊಡನೆ ಕೂಡಿಕೊಂಡಿದ್ದವು. ಆದರೆ ಈ ಕೂಡಿಕೆಗೆ ವಾರಗಳು, ತಿಂಗಳುಗಳು ಹಿಡಿಯುತ್ತವೆ. ಅಷ್ಟರೊಳಗೆ ಲೋಹವು ಸುಮಾರು 0.15 ಮಿಲಿಮೀಟರಿಗಿಂತ ಹೆಚ್ಚಾಗಿ ಅಲುಗುತ್ತಿದ್ದರೆ, ಎಲುಬಿನ ಬದಲು ಮೆತ್ತನೆಯ ನಾರಿನ ಪೊರೆ ನಡುವೆ ಬೆಳೆಯುತ್ತದೆ.

ಆದುದರಿಂದ ಎಲುಬಿನ ಬೆಳವಣಿಗೆಯನ್ನು ಚುರುಕುಗೊಳಿಸಬೇಕು. ಎಲುಬಿನ ತೂಕದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಖನಿಜ. ಅದು ಹೈಡ್ರಾಕ್ಸಿ ಅಪಟೈಟ್ ಎಂಬ ಕ್ಯಾಲ್ಸಿಯಂ ಫಾಸ್ಫೇಟನ್ನು ಹೋಲುತ್ತದೆ. ಪಿಂಗಾಣಿಯ ವರ್ಗಕ್ಕೆ ಸೇರಿದ ಈ ವಸ್ತುವನ್ನು ಕೃತಕವಾಗಿ ತಯಾರಿಸಿ, ಅದರ ಪುಡಿಯನ್ನು ಅತ್ಯುಷ್ಣ ಪ್ಲಾಸ್ಮಾ ಧಾರೆಯಲ್ಲಿ ಹಾಯಿಸಿ, ಅರೆಕರಗಿದ ಕಣಗಳನ್ನು ಲೋಹದ ಮೇಲೆ ಎರಚುತ್ತಾರೆ. ಲಂಡನ್ನಿನ ಶಸ್ತ್ರವೈದ್ಯ ಫರ್ಲಾಂಗ್ ಅವರು 1985ರಲ್ಲಿ ಇಂಥ ಲೇಪವುಳ್ಳ ಸೊಂಟದ ಕೀಲನ್ನು ಬಳಕೆಗೆ ತಂದರು.

ಲೇಪವು ಶಾಶ್ವತವಾಗಿ ಉಳಿದರೆ ಒಳಿತಲ್ಲವೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಉಷ್ಣದಿಂದ ವಸ್ತುಗಳು ಹಿಗ್ಗುವುದನ್ನು ನೀವು ಓದಿದ್ದೀರಷ್ಟೆ. ಅಪಟೈಟಿನ ಹಿಗ್ಗುವಿಕೆ ಟೈಟೇನಿಯಮಿನದಕ್ಕಿಂತ ಸುಮಾರು ಒಂದೂವರೆ ಪಟ್ಟು. ಬಿಸಿಯಾಗಿ ಅಂಟಿದ ಲೇಪವು ತಣಿಯುವಾಗ ಹೆಚ್ಚು ಕುಗ್ಗಲೆಳಸುತ್ತದೆ; ಲೋಹವು ಅದಕ್ಕೆ ಎಡೆಗೊಡದು. ಹೀಗೆ ಲೇಪದಲ್ಲಿ ಎಳೆತ ಉಳಿಯುತ್ತದೆ. ಒತ್ತಡವನ್ನು ಚೆನ್ನಾಗಿ ತಾಳುವ ಪಿಂಗಾಣಿಯು ಎಳೆತಕ್ಕೆ ಸುಲಭವಾಗಿ ಬಿರಿಯುತ್ತದೆ. ಬಿರಿದ ಚಕ್ಕೆಗಳು ಕೀಲಿನ ಸಂದಿಗೆ ಸೇರಿದರೆ ಅಲ್ಲಿ ಸವೆತ ಹೆಚ್ಚುತ್ತದೆ.

ಹಾಗಾಗಿ ತನ್ನ ಕೆಲಸ ಮುಗಿದ ಮೇಲೆ ಲೇಪವು ಕರಗಿಹೋಗುವುದು ಲೇಸು. ಕರಗುವಾಗ ಹೊರಬರುವ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಅಯಾನುಗಳು ಹೊಸ ಎಲುಬಿಗೆ ಸಾಮಗ್ರಿಯೂ ಆಗುತ್ತವೆ. ಕಮಾನು ಕಟ್ಟುವ ಗಾರೆಯವನು ಕೆಳಗೆ ಮರದ ಆಧಾರವನ್ನು ನಿಲ್ಲಿಸಿ, ಕಟ್ಟಡ ಬಿಗಿದ ಮೇಲೆ ತೆಗೆಯುವುದಿಲ್ಲವೆ? ಮೊದಲೇ ತೆಗೆದರೆ ಕಮಾನು ಕುಸಿಯುತ್ತದೆ. ಲೇಪವೂ ಹಾಗೆಯೇ: ಎಲುಬು ಲೋಹವನ್ನು ಮುಟ್ಟುವ ಮೊದಲೇ ಅದು ಕರಗಿದರೆ ನಡುವೆ ಟೊಳ್ಳು ಉಳಿಯುತ್ತದೆ.

ಈ ವೇಗವನ್ನು ಹತೋಟಿಯಲ್ಲಿಡಲು ಮಾರ್ಗಗಳುಂಟು. ಚೆನ್ನಾಗಿ ಸ್ಫಟಿಕಗೊಂಡ ಅಪಟೈಟ್ ಬಹು ನಿಧಾನವಾಗಿ ಕರಗುತ್ತದೆ. ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಅದಕ್ಕಿಂತ ಬೇಗ. ಎರಡನ್ನೂ ತಕ್ಕ ಪ್ರಮಾಣದಲ್ಲಿ ಬೆರೆಸಿ ಬೇಕಾದ ವೇಗವನ್ನು ಪಡೆಯಲೆತ್ನಿಸುತ್ತಾರೆ. ಲೋಹದ ಮೈಯನ್ನು ಮೊದಲೇ ತರಿತರಿಯಾಗಿ ಮಾಡಿರುವುದರಿಂದ, ಲೇಪ ಹೋದ ಬಳಿಕ ಹೊಸ ಎಲುಬು ಆ ತಗ್ಗುಗಳಲ್ಲಿ ಕಚ್ಚಿ ನಿಲ್ಲುತ್ತದೆ. ಆದರೆ ಎಳೆಯರ ಎಲುಬು ಬೆಳೆಯುವಷ್ಟು ಬೇಗ ಮುದುಕರ ಎಲುಬು ಬೆಳೆಯದು. ಒಂದೇ ಲೇಪ ಎಲ್ಲರಿಗೂ ಒಗ್ಗದು; ಆಯಾ ರೋಗಿಯ ಎಲುಬಿನ ನಡಿಗೆಗೆ ಲೇಪದ ಕರಗುವಿಕೆಯನ್ನು ಹೊಂದಿಸುವುದೇ ಸಂಶೋಧಕರ ಮುಂದಿರುವ ಕೆಲಸ.