ಬೆರಕೆ ಕೋಳಿಗಳ ಮೊಟ್ಟೆಯ ಬಣ್ಣವೂ ವಂಶಗುಣಗಳೂ

ಹಿತ್ತಲಲ್ಲಿ ನಾಟಿ ಕೋಳಿಗಳನ್ನು ಸಾಕುವ ರೈತರು ಹೆಚ್ಚು ಮೊಟ್ಟೆಗಳನ್ನು ಪಡೆಯುವ ಉದ್ದೇಶದಿಂದ ಬಿಳಿ ಲೆಗ್‌ಹಾರ್ನ್ ಹುಂಜವನ್ನು ತಂದು ಬಿಡುವುದುಂಟು. ಅದರಿಂದ ಹುಟ್ಟಿದ ಹೇಂಟೆಗಳು ಮೊಟ್ಟೆಯಿಡಲು ಪ್ರಾರಂಭಿಸಿದಾಗ ಮೊಟ್ಟೆಗಳು ಪೇಲವವಾಗಿರುವುದನ್ನು ಕಂಡು ಮೇವು ಸಾಲದೆಂದು ಶಂಕಿಸುತ್ತಾರೆ. ಸಂತೆಯಲ್ಲಿ ಕಂದು ಮೊಟ್ಟೆಗೆ ನಾಟಿ ಮೊಟ್ಟೆಯೆಂದು ಹೆಚ್ಚು ಬೆಲೆ ಬರುವುದರಿಂದ ಈ ವಿಷಯವು ಅಲಕ್ಷ್ಯಮಾಡತಕ್ಕದ್ದಲ್ಲ.

ಮೊಟ್ಟೆಯ ಚಿಪ್ಪು ಮೂಲತಃ ಸುಣ್ಣದಿಂದಾದುದು, ಬಿಳಿ. ಗರ್ಭಕೋಶದಲ್ಲಿ ಸುಮಾರು 20 ಘಂಟೆಗಳ ಕಾಲ ಚಿಪ್ಪು ಕಟ್ಟುತ್ತದೆ. ಕಂದು ಬಣ್ಣವು ಬಹುಮಟ್ಟಿಗೆ ಕಡೆಯ ಕೆಲವು ಘಂಟೆಗಳಲ್ಲಿ ಹೊರಮೈಗೆ ಲೇಪವಾಗುತ್ತದೆ. ಕಂದು ಮೊಟ್ಟೆಯನ್ನು ಒಡೆದು ಚಿಪ್ಪಿನ ಒಳಮೈಯನ್ನು ನೋಡಿದರೆ ಇದು ಸ್ಪಷ್ಟವಾಗುವುದು. ಮೇವಿನಿಂದ ಬದಲಾಗುವುದು ಚಿಪ್ಪಲ್ಲ, ಭಂಡಾರ. ಸೊಪ್ಪು, ಹಳದಿ ಮುಸುಕಿನ ಜೋಳಗಳನ್ನು ತಿಂದ ಕೋಳಿಯ ಭಂಡಾರವು ಗಾಢವಾಗಿರುತ್ತದೆ. ಚಿಪ್ಪಿನ ಬಣ್ಣದಿಂದ ಮೊಟ್ಟೆಯ ಸತ್ವವನ್ನು ಅಳೆಯಲಾಗದು.

ಚಿಪ್ಪಿನ ಬಣ್ಣವು ತಂದೆತಾಯಿಗಳಿಬ್ಬರಿಂದಲೂ ಬರುತ್ತದೆ. ಹುಂಜವು ಮೊಟ್ಟೆಯಿಡದಿದ್ದರೂ ತನ್ನ ತಾಯಿಯ ಗುಣವನ್ನು ಮಗಳಿಗೆ ದಾಟಿಸುತ್ತದೆ. ಆದಕಾರಣ ಹುಂಜವನ್ನು ಕೊಳ್ಳುವಾಗ ಅದರ ತಾಯಿ ಎಂತಹ ಮೊಟ್ಟೆಯಿಡುತ್ತಿತ್ತೆಂದು ವಿಚಾರಿಸತಕ್ಕದ್ದು. 1902ರಲ್ಲಿ ಬೇಟ್ಸನ್ ಎಂಬ ಆಂಗ್ಲ ವಿದ್ವಾಂಸನು ಮೆಂಡೆಲನ ನಿಯಮಗಳು ಕೋಳಿಯ ಜುಟ್ಟಿಗೂ ಅನ್ವಯಿಸುವುದೆಂದು ತೋರಿಸಿದನು. ಶುದ್ಧವಾದ ಗುಲಾಬಿ ಜುಟ್ಟಿನ ಕೋಳಿಯನ್ನು ಒಂಟಿ ಜುಟ್ಟಿನದರೊಡನೆ ಕೂಡಿಸಿದರೆ ಮೊದಲ ಪೀಳಿಗೆಯೆಲ್ಲವೂ ಗುಲಾಬಿ ಜುಟ್ಟಿನದು; ಆ ಮರಿಗಳನ್ನು ತಮ್ಮಲ್ಲೇ ಕೂಡಿಸಿದರೆ ಸುಮಾರು ನಾಲ್ಕರಲ್ಲೊಂದಕ್ಕೆ ಒಂಟಿ ಜುಟ್ಟು ಮರಳುತ್ತದೆ. ಚಿಲಿ ದೇಶದ ಅರೌಕಾನಾ ಕೋಳಿಯ ನೀಲಿ ಮೊಟ್ಟೆಯೂ ಹೀಗೆಯೇ ಒಂದೇ ಅಂಶದಿಂದ ಬರುವಂಥದು. ಕಂದು ಬಣ್ಣವಾದರೋ ಅನೇಕ ಅಂಶಗಳು ಕೂಡಿ ಆಗುವುದರಿಂದ ಬೆರಕೆಯಲ್ಲಿ ನಡುವಣ ಕೆನೆಬಣ್ಣ ಬರುವುದೇ ಹೆಚ್ಚು. ಕಂದು ಬಣ್ಣವೇ ಬೇಕಾದವರು ರೋಡ್ ಐಲೆಂಡ್ ರೆಡ್ ಹುಂಜವನ್ನು ತರುವುದು ಲೇಸು. ಕಿವಿಹಾಲೆಯ ಬಣ್ಣವನ್ನು ನೋಡಿ ಮೊಟ್ಟೆಯ ಬಣ್ಣವನ್ನು ಹೇಳುವ ರೂಢಿಯನ್ನು ಬೆರಕೆ ಕೋಳಿಗಳಲ್ಲಿ ನಂಬಕೂಡದು.

ಬಣ್ಣಕ್ಕಿಂತಲೂ ದೊಡ್ಡ ನಷ್ಟವು ಬೇರೊಂದಿದೆ. ಲೆಗ್‌ಹಾರ್ನ್ ಜಾತಿಯು ಕಾವಿಗೆ ಕೂರುವ ಗುಣವನ್ನು ಬಹುಮಟ್ಟಿಗೆ ಕಳೆದುಕೊಂಡಿದೆ, ಅದರ ಬೆರಕೆಯಲ್ಲಿಯೂ ಈ ಗುಣ ಕುಗ್ಗುತ್ತದೆ. ಕಾವುಯಂತ್ರವಿಲ್ಲದ ಗ್ರಾಮದಲ್ಲಿ ಎಲ್ಲ ಹೇಂಟೆಗಳೂ ಬೆರಕೆಯಾದರೆ ಮರಿ ಮಾಡಿಸುವುದೇ ಕಷ್ಟವಾಗುವುದು. ಪ್ರತಿ ಮನೆಯಲ್ಲಿಯೂ ಎರಡು ಮೂರು ನಾಟಿ ಹೇಂಟೆಗಳನ್ನು ಕಾವಿಗೆಂದೇ ಉಳಿಸತಕ್ಕದ್ದು. ಬೆರಕೆ ಹುಂಜಗಳನ್ನು ತಳಿಗೆ ಬಿಡದೆ ಮಾರಿಬಿಡಬೇಕು. ಅವುಗಳ ಸಂತತಿಯಲ್ಲಿ ಗುಣಗಳು ಚದರಿಹೋಗುತ್ತವೆ.

ಬೆರಕೆ ಹೇಂಟೆಯು ಮೊದಲಿನಿಂದಲೂ ಪೇಲವ ಮೊಟ್ಟೆಯಿಟ್ಟರೆ ಅದು ವಂಶಗುಣ. ಕಂದು ಮೊಟ್ಟೆಯಿಡುತ್ತಿದ್ದ ಹಲವು ಕೋಳಿಗಳು ಒಮ್ಮೆಲೇ ಬಿಳಚಿದ ಅಥವಾ ತೆಳು ಚಿಪ್ಪಿನ ಮೊಟ್ಟೆಗಳನ್ನಿಟ್ಟರೆ ಬೇರೆ ಮಾತು; ಕೊಕ್ಕರೆ ರೋಗದಂತಹ ಅಂಟುಜಾಡ್ಯವು ಹೊಕ್ಕಿರಬಹುದು. ಅಂತಹ ಕೋಳಿಗಳನ್ನು ಸಂತೆಗೆ ಒಯ್ಯದೆ ಪ್ರತ್ಯೇಕಿಸಿ, ಕೂಡಲೇ ಪಶುವೈದ್ಯರಿಗೆ ವರ್ತಮಾನ ಕೊಡತಕ್ಕದ್ದು.